ದೊಡ್ಡಬೆಟ್ಟಕ್ಕೆ ಹೆಸರಿಟ್ಟವರು

ಕೆಲವು ತಿಂಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದಕ್ಷಿಣ ಅಮೆರಿಕದ ಪೆರು ದೇಶದಿಂದ ಒಂದು ಚಿತ್ರವನ್ನು ಕಳುಹಿಸಿದ್ದಳು. ಅಂಚುಸೀರೆಯೊಂದನ್ನು ಬಿಸಿಲಿಗೆ ಹರವಿದಂತೆ ಕೆಂಪು, ಹಳದಿ, ಹಸಿರು, ಕಂದು ಪಟ್ಟೆಗಳು ಮೈತುಂಬ ಹಾಯ್ದಿರುವ ಬೆಟ್ಟ. ಅದರ ಹೆಸರು ವಿನಿಕುಂಕ. ಸಮುದ್ರಮಟ್ಟದಿಂದ 5,000 ಮೀಟರಿಗೂ ಮೇಲೆ ಇದೆಯಂತೆ. ಕುಸ್ಕೋ ಎಂಬ ಊರಿನಿಂದ ಬೆಳಕು ಹರಿಯುವ ಮೊದಲೇ ಹೊರಟು, ದಾರಿ ಬಲ್ಲವರನ್ನು ಜೊತೆಗೆ ಕರೆದುಕೊಂಡು ಹತ್ತಿ, ಸಂಜೆಯೊಳಗೆ ಮರಳಿ ಬರುವುದು ಅಲ್ಲಿಯ ರೂಢಿ. ಬಣ್ಣಕ್ಕೆ ಕಾರಣ ಕಲ್ಲಿನ ಪದರಗಳಲ್ಲಿ ಸೇರಿರುವ ಕಬ್ಬಿಣ ಮೊದಲಾದ ಖನಿಜಗಳು. ಚಿತ್ರದ ಕೆಳಗೆ ಅವಳು ಎರಡು ಸಾಲು ಬರೆದಿದ್ದಳು: "ಉಸಿರು ಸಿಕ್ಕದೆ ಅರ್ಧ ದಾರಿ ಕುದುರೆಯ ಮೇಲೆ ಹೋದೆ ಮೇಷ್ಟ್ರೇ. ಕುದುರೆ ಹಿಡಿದು ದಾರಿ ತೋರಿದ ಹೆಂಗಸು ಕೆಚುವಾ ಭಾಷೆಯವಳು, ಅವಳ ಹೆಸರು ಕೇಳುವುದನ್ನೇ ಮರೆತೆ. ನಮ್ಮ ಕಡೆ ಇಂಥ ಬಣ್ಣದ ಬೆಟ್ಟ ಇಲ್ಲವೇ?"

ಇಲ್ಲವೆಂದು ಬರೆಯಲು ಕುಳಿತವನು ಕೈ ತಡೆದೆ. ಪಟ್ಟೆಪಟ್ಟೆಯ ಬೆಟ್ಟ ನಮ್ಮಲ್ಲಿಲ್ಲ, ನಿಜ. ಆದರೆ ಬಣ್ಣದ ಹೆಸರಿನ ಬೆಟ್ಟಗಳು ಎರಡಿವೆ. ಒಂದು ಬಿಳಿಗಿರಿ, ಇನ್ನೊಂದು ನೀಲಗಿರಿ. ಎರಡನ್ನೂ ನಾನು ಹತ್ತಿದ್ದೇನೆ. ಎರಡನೆಯದರ ವಿಚಾರದಲ್ಲಿ ಒಂದು ಹಳೆಯ ಬಾಕಿಯೂ ನನ್ನ ಮೇಲಿದೆ. ಬಹಳ ದಿನಗಳಿಂದ ಬರೆಯಬೇಕೆಂದಿದ್ದ ಆ ಸಂಗತಿಯನ್ನು ಅವಳ ಪತ್ರದ ನೆಪದಲ್ಲಿ ಇಂದು ಬರೆಯುತ್ತಿದ್ದೇನೆ.

ನಮ್ಮ ಪೂರಿಗಾಲಿಯವರಿಗೆ ಬೆಟ್ಟವೆಂದರೆ ಮೊದಲು ಬಿಳಿಗಿರಿರಂಗನ ಬೆಟ್ಟವೇ. ಮಳೆ ನಿಂತ ಮೇಲಿನ ತಿಳಿ ಬೆಳಗಿನಲ್ಲಿ ದಕ್ಷಿಣ ದಿಕ್ಕಿನ ಅಂಚಿನಲ್ಲಿ ಅದು ಮಸುಕಾದ ಗೆರೆಯಾಗಿ ಕಾಣಿಸಿಕೊಳ್ಳುತ್ತಿತ್ತು. ನನಗೆ ಎಂಟೋ ಒಂಬತ್ತೋ ವರ್ಷವಿದ್ದಾಗ ಅಜ್ಜಿಯ ಹರಕೆಯ ಸಲುವಾಗಿ ಮನೆಮಂದಿಯೆಲ್ಲ ಗಾಡಿ ಕಟ್ಟಿಕೊಂಡು, ಶಿವನಸಮುದ್ರದ ಬಳಿ ಹೊಳೆ ದಾಟಿ, ಕೊಳ್ಳೇಗಾಲ ಯಳಂದೂರುಗಳ ಮೇಲೆ ಹಾಯ್ದು ಬೆಟ್ಟ ಸೇರಿದೆವು. ಸಂಸ್ಕೃತದಲ್ಲಿ ಅದು ಶ್ವೇತಾದ್ರಿ. ದೇವಸ್ಥಾನ ನಿಂತಿರುವ ಬಿಳಿಯ ಬಂಡೆಯಿಂದ ಆ ಹೆಸರು ಬಂತೆನ್ನುವವರುಂಟು, ಮುಸುಕುವ ಮಂಜಿನಿಂದ ಎನ್ನುವವರೂ ಉಂಟು. ನನ್ನ ನೆನಪಿನಲ್ಲಿ ಉಳಿದಿರುವುದು ಬಂಡೆಯೂ ಅಲ್ಲ, ಮಂಜೂ ಅಲ್ಲ. ನಮಗೆ ಕಾಡುದಾರಿ ತೋರಿದ ಸೋಲಿಗರ ಮುದುಕ. ಬಂಡೆಯಂಚಿನಲ್ಲಿ ನನ್ನ ತೋಳು ಹಿಡಿದು ನಿಲ್ಲಿಸಿ ನೈಋತ್ಯಕ್ಕೆ ಬೆರಳು ಮಾಡಿ, "ಆ ಕಡೆ ನೀಲಗಿರಿ" ಎಂದಿದ್ದ. ರಂಗಪ್ಪ ತಮ್ಮ ಹೆಣ್ಣನ್ನು ಮದುವೆಯಾದ್ದರಿಂದ ತಮಗೆ ಭಾವನಾಗಬೇಕೆಂದು ಅವನು ನಗುತ್ತ ಹೇಳಿದ್ದನ್ನು ಕೇಳಿ ಅಜ್ಜಿ ಕೈಮುಗಿದಿದ್ದಳು. ಕುಸುಮಾಲೆಯ ಆ ಕಥೆ ಸೋಲಿಗರ ಹಾಡುಗಳಲ್ಲಿ ಇಂದಿಗೂ ಇದೆ. ಅಂದು ನಾನು ಕಂಡ ನೀಲಿ ನಿಜವಾಗಿ ನೀಲಗಿರಿಯೋ, ಮೋಡವೋ ಹೇಳಲಾರೆ. ಕಂಡೆನೆಂದೇ ನಂಬಿ ಊರಿಗೆ ಬಂದು ಎಲ್ಲರಿಗೂ ಹೇಳಿದ್ದಂತೂ ನಿಜ.

ಮುಂದೆ ಅದೇ ಬೆಟ್ಟಕ್ಕೆ ನಾನು ಮೇಷ್ಟ್ರಾಗಿ ಹೋದೆ. 1994ರ ಡಿಸೆಂಬರಿನ ಶೈಕ್ಷಣಿಕ ಪ್ರವಾಸ ನಿಮ್ಮಲ್ಲಿ ಕೆಲವರಿಗೆ ನೆನಪಿರಬೇಕು. ಮಂಡ್ಯ ಸೀಮೆಯ ಯಾವ ಹೈಸ್ಕೂಲು ತಾನೇ ಊಟಿಗೆ ಹೋಗಿಲ್ಲ? ಇರುಳೆಲ್ಲ ಬಸ್ಸು, ಬೆಳಗಿನ ಜಾವ ಬಂಡೀಪುರ, ತಿರುವುಗಳಲ್ಲಿ ಕಿಟಕಿಗೆ ತಲೆ ಹಾಕಿ ವಾಂತಿ ಮಾಡಿಕೊಂಡವರ ಸಾಲು, ಸಸ್ಯೋದ್ಯಾನ, ದೋಣಿಮನೆ, ಕಡೆಗೆ ದೊಡ್ಡಬೆಟ್ಟ. ಹೊರಡುವ ಮುನ್ನಾದಿನ ತರಗತಿಯಲ್ಲಿ ನಾನು ಒಂದು ಗಂಟೆ ಪಾಠ ಮಾಡಿದ್ದೆ. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ ನೀಲಗಿರಿಯನ್ನು ಕಂಡುಹಿಡಿದನೆಂದೂ, ಅದಕ್ಕೆ ಮೊದಲು ಅದು ಯಾರಿಗೂ ತಿಳಿಯದ ಪ್ರದೇಶವಾಗಿತ್ತೆಂದೂ ಹಲಗೆಯ ಮೇಲೆ ದೊಡ್ಡದಾಗಿ ಬರೆದಿದ್ದೆ.

ದೊಡ್ಡಬೆಟ್ಟದ ಮೇಲೆ ಚಳಿಗೆ ಒತ್ತೊತ್ತಾಗಿ ನಿಂತಿದ್ದಾಗ ಒಬ್ಬ ಹುಡುಗ ಫಲಕವನ್ನು ನೋಡಿ ಕೇಳಿದ: "ಸಾ, ದೊಡ್ಡಬೆಟ್ಟ ಅಂತ ಹೆಸರು ಮಡಗಿದ್ದೂ ಸಲ್ಲಿವನ್ನೇನಾ?"

ಎಲ್ಲರೂ ಗೊಳ್ಳೆಂದು ನಕ್ಕರು. ನನ್ನನ್ನು ಗೇಲಿ ಮಾಡಿದನೆಂದು ನಾನು ಭಾವಿಸಿದೆ. "ಬಾಯಿ ಮುಚ್ಚಿಕೊಂಡು ಸಾಲಿನಲ್ಲಿ ನಿಲ್ಲು" ಎಂದು ಗದರಿಸಿದೆ. ಊರಿಗೆ ಬಂದ ಮೇಲೆ ಪ್ರವಾಸದ ಬಗ್ಗೆ 25 ಅಂಕಗಳ ಕಿರುಪರೀಕ್ಷೆ ಕೊಟ್ಟೆ. ನೀಲಗಿರಿಯನ್ನು ಕಂಡುಹಿಡಿದವರು ಯಾರು ಎಂಬುದು ಒಂದಂಕದ ಪ್ರಶ್ನೆ. ಆ ಹುಡುಗ ಬರೆದಿದ್ದ ಉತ್ತರ: "ಅಲ್ಲಿದ್ದವರು." ನಾನು ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿ, ಪಕ್ಕದಲ್ಲಿ "ಉದ್ಧಟತನ" ಎಂದು ಬರೆದೆ.

ಬಿ.ಎಡ್. ತರಗತಿಯಲ್ಲಿ ಮಕ್ಕಳ ಪ್ರಶ್ನೆಯನ್ನು ಪ್ರೋತ್ಸಾಹಿಸುವುದು ಹೇಗೆಂದು ಪುಟಗಟ್ಟಲೆ ಬರೆದು ಉತ್ತಮ ಅಂಕ ಪಡೆದವನು ನಾನು!

ಅದಾದ ಮೇಲೆ ಎಷ್ಟೋ ವರ್ಷ ಆ ಸೊನ್ನೆ ನನ್ನನ್ನು ಬಾಧಿಸಲಿಲ್ಲ. ನಿವೃತ್ತಿಯ ನಂತರ ಶಾಸನಗಳ ಪುಸ್ತಕಗಳನ್ನು ತಿರುವಿಹಾಕುವ ಹವ್ಯಾಸ ಹತ್ತಿದ ಮೇಲೆ ಬಾಧಿಸಲು ತೊಡಗಿತು. ಕಳೆದ ಜನವರಿಯಲ್ಲಿ ನಿವೃತ್ತ ಸಹೋದ್ಯೋಗಿಗಳಿಬ್ಬರನ್ನು ಒಪ್ಪಿಸಿ, ಕಾರು ಇಟ್ಟುಕೊಂಡಿದ್ದ ಹಳೆಯ ವಿದ್ಯಾರ್ಥಿಯೊಬ್ಬನನ್ನು ಪುಸಲಾಯಿಸಿ, ನೀಲಗಿರಿಗೆ ಹೊರಟೆ. ಈ ಸಲ ಊಟಿಗಲ್ಲ, ಕೋತಗಿರಿಗೆ. ಬಂಡೀಪುರದ ಮೇಲಲ್ಲ, ಚಾಮರಾಜನಗರ, ಹಾಸನೂರು, ದಿಂಬಂ ಘಾಟಿಯ ಮೇಲೆ.

ಚಾಮರಾಜನಗರದಲ್ಲಿ ಇಳಿದದ್ದು ಪಾರ್ಶ್ವನಾಥ ಬಸದಿಯನ್ನು ನೋಡಲಿಕ್ಕೆ. ಆ ಊರಿನ ಹಳೆಯ ಹೆಸರು ಅರಿಕುಠಾರ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸಮಯ್ಯ ಕಟ್ಟಿಸಿದ ಆ ಬಸದಿಗೆ ಸೇರಿದ 1117ರ ಶಾಸನದಲ್ಲಿ ಅವನ ದಂಡಯಾತ್ರೆಯ ವರ್ಣನೆಯಿದೆ. ಅವನು ತೋದರನ್ನು ಬೆದರಿಸಿದನೆಂದೂ, ನೀಲಾದ್ರಿಯ ನೆತ್ತಿಯನ್ನು ಜಯಲಕ್ಷ್ಮಿಗೆ ಒಪ್ಪಿಸಿದನೆಂದೂ ಅದರ ತಾತ್ಪರ್ಯ. ನೀಲಗಿರಿಯ ಹೆಸರೂ ಅಲ್ಲಿಯ ಎಮ್ಮೆ ಕಾಯುವ ತೋದರ ಹೆಸರೂ ನಮಗೆ ಸಿಗುವ ಬರಹಗಳಲ್ಲಿ ಮೊತ್ತಮೊದಲು ಕಾಣುವುದು ಇಲ್ಲಿ, ಕನ್ನಡ ನಾಡಿನ ಒಂದು ಕಲ್ಲಿನ ಮೇಲೆ. ಸಲ್ಲಿವನ್ನನಿಗಿಂತ 702 ವರ್ಷ ಮುಂಚೆ! ನನ್ನ ಹಲಗೆಯ ಮೇಲಿನ ಬರಹ ನೆನಪಾಗಿ, ಜೊತೆಯಲ್ಲಿದ್ದವರ ಮುಖ ನೋಡಲು ಸಂಕೋಚವಾಯಿತು.

ಆ ಶಾಸನದಲ್ಲೇ ಇನ್ನೊಂದು ಮಾತಿದೆ. ನಷ್ಟಕ್ಕೀಡಾದ ವ್ಯಾಪಾರಿಗೂ ಬಿತ್ತನೆಬೀಜವಿಲ್ಲದ ಒಕ್ಕಲಿಗನಿಗೂ ಪುಣಿಸಮಯ್ಯ ಕೈಹಿಡಿದು ನೆರವಾದನಂತೆ. ಬಯಲಿನ ರೈತನಿಗೆ ಬೀಜ ಕೊಟ್ಟವನೇ ಬೆಟ್ಟದ ದನಗಾಹಿಗಳನ್ನು ಬೆದರಿಸಿದ. ಒಂದು ಜನಾಂಗ ಲಿಖಿತ ಚರಿತ್ರೆಯನ್ನು ಪ್ರವೇಶಿಸುವುದೇ 'ಬೆದರಿದವರು' ಎಂಬ ವಿಶೇಷಣದೊಡನೆ! ಬೆದರಿದವರ ಕಡೆಯ ಶಾಸನ ಯಾವುದೂ ಇಲ್ಲವಲ್ಲ.

ಇದರ ಹಿಂದಿನ ವರ್ಷ, ಎಂದರೆ 1116ರಲ್ಲಿ, ವಿಷ್ಣುವರ್ಧನ ಚೋಳರಿಂದ ತಲಕಾಡನ್ನು ಗೆದ್ದುಕೊಂಡು 'ತಲಕಾಡುಗೊಂಡ' ಎನಿಸಿಕೊಂಡಿದ್ದ. ಆ ಗೆಲುವಿನ ನೆನಪಿಗೆ ಎತ್ತಿಸಿದ ಕೀರ್ತಿನಾರಾಯಣನ ಗುಡಿಗೆ ನಮ್ಮೂರಿನಿಂದ ಒಂದು ಹೊತ್ತಿನಲ್ಲಿ ಹೋಗಿ ಬರಬಹುದು. ಪಂಚಲಿಂಗದರ್ಶನಕ್ಕೆಂದು ನೀವೆಲ್ಲ ಮರಳು ತುಳಿದ ತಲಕಾಡೇ ಅದು. ಅಲ್ಲಿ ಕಾವೇರಿಯ ದಡದಲ್ಲಿ ಗೆಲುವಾದದ್ದರಿಂದಲೇ ಹೊಯ್ಸಳರಿಗೆ ದಕ್ಷಿಣದ ದಾರಿ ತೆರೆಯಿತು, ಪುಣಿಸಮಯ್ಯ ನೀಲಾದ್ರಿಯ ಬುಡ ಮುಟ್ಟಿದ.

ಇಂಥದೇ ಇನ್ನೊಂದು ಗಂಟು ಏಳು ಶತಮಾನಗಳ ನಂತರ ನಮ್ಮ ತಾಲ್ಲೂಕಿನಲ್ಲೇ ಬಿತ್ತು. 1799ರ ಮಾರ್ಚ್ 27ರಂದು ಮಳವಳ್ಳಿಯ ಬಳಿ ಜನರಲ್ ಹ್ಯಾರಿಸನ ಸೇನೆಗೂ ಟಿಪ್ಪುವಿನ ಸೇನೆಗೂ ಕಾಳಗ ನಡೆದು ಟಿಪ್ಪು ಹಿಮ್ಮೆಟ್ಟಬೇಕಾಯಿತು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ನಾನು ಇದನ್ನು ಮೂವತ್ತು ವರ್ಷ ಪಾಠ ಮಾಡಿದವನು. ಆದರೆ ನಂತರದ ಪಾಲುಪಟ್ಟಿಯಲ್ಲಿ ಕೊಯಮತ್ತೂರು ಸೀಮೆಯ ಜೊತೆಗೆ ನೀಲಗಿರಿಯೂ ಕಂಪನಿಯ ಪಾಲಿಗೆ ಹೋಯಿತೆಂಬುದನ್ನು ಒಮ್ಮೆಯೂ ಹೇಳಲಿಲ್ಲ. ಕೊಂಡವರು ಅದನ್ನು ಕಣ್ಣಾರೆ ಕಂಡೂ ಇರಲಿಲ್ಲ. ಕೈಗೆ ಬಂದು ಇಪ್ಪತ್ತು ವರ್ಷಕ್ಕೆ 'ಕಂಡುಹಿಡಿದರು'.

ಇರಲಿ. ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು, ಬಣ್ಣಾರಿ, ಸತ್ಯಮಂಗಲ, ಮೇಟ್ಟುಪಾಳ್ಯಗಳನ್ನು ದಾಟಿ ಕೋತಗಿರಿಯನ್ನು ಮುಟ್ಟುವಾಗ ಕತ್ತಲಾಗಿತ್ತು. ಮರುದಿನ ಬೆಳಗ್ಗೆ ಮೊದಲು ಕನ್ನೇರಿಮುಕ್ಕಿಗೆ ಹೋದೆವು. ಸಲ್ಲಿವನ್ 1819ರಲ್ಲಿ ಕಟ್ಟಿಸಿದ ಬಂಗಲೆ ಅಲ್ಲಿದೆ. ಪಾಳುಬಿದ್ದಿದ್ದುದನ್ನು ದುರಸ್ತಿ ಮಾಡಿ ನೀಲಗಿರಿಯ ಚರಿತ್ರೆಯ ವಸ್ತುಸಂಗ್ರಹಾಲಯ ಮಾಡಿದ್ದಾರೆ. ನಮ್ಮ ಮಾರ್ಗದರ್ಶಿ ಅಲ್ಲೇ ಬಂದು ಸೇರಿಕೊಂಡರು. ಬಡಗರು, ನನಗಿಂತ ನಾಲ್ಕೈದು ವರ್ಷ ಹಿರಿಯರು, ಬಿಳಿಯ ಮುಂಡಾಸು, ಕೈಯಲ್ಲಿ ಒಂದು ಕೋಲು. ಅವರ ಹೆಸರನ್ನು ಕೇಳಿ ಬರೆದುಕೊಂಡಿದ್ದೇನೆ, ಆದರೆ ಇಲ್ಲಿ ಹಾಕಬೇಡಿರೆಂದು ಅವರೇ ಹೇಳಿದ್ದರಿಂದ ಗೌಡರು ಎಂದಷ್ಟೇ ಬರೆಯುತ್ತೇನೆ. ಬಡಗರ ಹಟ್ಟಿಗಳಲ್ಲೂ ಊರ ಮುಖಂಡನಿಗೆ ಗೌಡನೆಂದೇ ಹೆಸರು.

ನಾನು ಸಲ್ಲಿವನ್ನನ ಭಾವಚಿತ್ರದ ಮುಂದೆ ನಿಂತು, ಇವನು ಹೇಗೆ ಹತ್ತಿ ಬಂದನೆಂದು ಕೇಳಿದೆ. ಗೌಡರು, "ನಡೆದು ತೋರಿಸುತ್ತೇನೆ ಬನ್ನಿ" ಎಂದರು.

ಕೊಡನಾಡಿನ ಕಡೆಯ ಒಂದು ಹಟ್ಟಿಯ ತನಕ ಜೀಪು. ಅಲ್ಲಿಂದ ನಡಿಗೆ. ಪೆರುವಿನ ಬೆಟ್ಟದ ಮುಂದೆ ಇದು ಏನೂ ಅಲ್ಲ, ಸುಮಾರು ಆರು ಸಾವಿರ ಅಡಿ. ಆದರೆ ಎರಡು ಸಾವಿರ ಅಡಿಯ ಬಯಲಿನಲ್ಲಿ ಕಬ್ಬಿನ ಗದ್ದೆಯ ಬದುವಿನ ಮೇಲೆ ನಡೆದು ಬೆಳೆದ ಅರವತ್ತು ದಾಟಿದ ಮೊಣಕಾಲುಗಳಿಗೆ ಆರು ಸಾವಿರವೇ ಸಾಕು. ಮೊದಲ ಏರಿನಲ್ಲೇ ನಮ್ಮ ವಿಜ್ಞಾನದ ಮೇಷ್ಟ್ರು ಒಂದು ಕಲ್ಲಿನ ಮೇಲೆ ಕುಳಿತು, ವಾಯುವಿನ ಒತ್ತಡ ಎತ್ತರಕ್ಕೆ ಹೋದಂತೆ ಹೇಗೆ ಕಡಿಮೆಯಾಗುತ್ತದೆಂದು ವಿವರಿಸತೊಡಗಿದರು. ವಿವರಣೆಯ ಅವಧಿಯಲ್ಲಿ ವಿಶ್ರಾಂತಿಯೂ ದೊರೆಯಿತು. ಗೌಡರು ಕಾಯುತ್ತ ನಿಂತರು. ಅವರು ಎಲ್ಲಿಯೂ ಏದುಸಿರು ಬಿಟ್ಟದ್ದನ್ನು ನಾನು ಕಾಣಲಿಲ್ಲ.

ಚಹಾತೋಟದ ಅಂಚಿನಲ್ಲಿ ಅವರು ಇದ್ದಕ್ಕಿದ್ದಂತೆ ಕೋಲನ್ನು ಅಡ್ಡ ಹಿಡಿದರು. ಮೂವತ್ತು ಮಾರು ದೂರದಲ್ಲಿ ಮೂರು ಕಾಡೆಮ್ಮೆಗಳು ಚಹಾಗಿಡಗಳ ನಡುವೆ ಎದೆಯುದ್ದ ಎದ್ದು ನಿಂತಿದ್ದವು. ಕಪ್ಪು ಮೈ, ಬಿಳಿಯ ಕಾಲುಚೀಲ ತೊಟ್ಟಂಥ ಕಾಲುಗಳು. ಗೌಡರು ಗಾಳಿಯ ದಿಕ್ಕು ನೋಡಿ ನಮ್ಮನ್ನು ಮೇಲಿನ ದಾರಿಗೆ ತಿರುಗಿಸಿದರು. ಆ ಕವಲುದಾರಿ ಅಲ್ಲಿದೆಯೆಂದು ನಮ್ಮ ಕಣ್ಣಿಗೆ ಕಾಣಿಸಿಯೇ ಇರಲಿಲ್ಲ.

ದಾರಿಯುದ್ದಕ್ಕೂ ಅವರು ಹೇಳಿದ್ದನ್ನೂ ನಾನು ಓದಿದ್ದನ್ನೂ ಸೇರಿಸಿ ಬರೆಯುತ್ತೇನೆ. 1800ರಲ್ಲಿ ಕಂಪನಿಯ ಪರವಾಗಿ ಮೈಸೂರು ಸೀಮೆಯನ್ನೆಲ್ಲ ಸುತ್ತಿದ ಫ್ರಾನ್ಸಿಸ್ ಬುಕನನ್ ಈ ಬೆಟ್ಟದ ಬುಡದ ದಣ್ಣಾಯಕನಕೋಟೆಯ ತನಕ ಬಂದ. ಕೆಳಗಿನ ಒಂದು ಮಲೆಯನ್ನು ಹತ್ತಿ ನೋಡಿ ಹಿಂದಿರುಗಿದ, ಮೇಲಿನ ಪ್ರಸ್ಥಭೂಮಿಗೆ ಬರಲಿಲ್ಲ. 1812ರಲ್ಲಿ ವಿಲಿಯಂ ಕೀಸ್ ಎಂಬ ಮೋಜಣಿದಾರ ದಣ್ಣಾಯಕನಕೋಟೆಯ ಕಡೆಯಿಂದ ಮೇಲೇರಿ ಹಟ್ಟಿಗಳನ್ನೂ ಜನರನ್ನೂ ಕಂಡು ವರದಿ ಬರೆದ. ಆ ವರದಿಯನ್ನು ಯಾರೂ ಲೆಕ್ಕಿಸಲಿಲ್ಲ. 1818ರಲ್ಲಿ ಕಲೆಕ್ಟರನ ಸಹಾಯಕರಾದ ವಿಷ್ ಮತ್ತು ಕಿಂಡರ್ಸ್ಲಿ ಹತ್ತಿ ಬಂದು ತಂಪುಹವೆಯ ಸುದ್ದಿ ಹೇಳಿದ ಮೇಲೆ, 1819ರ ಜನವರಿಯಲ್ಲಿ ಸಲ್ಲಿವನ್ ಹೊರಟ. ಹೀಗೆ ಬಿಳಿಯರ ಪೈಕಿಯೂ ಅವನು ಮೊದಲಿಗನಲ್ಲ. ಅವರೆಲ್ಲ ಹತ್ತಿದ್ದು ಹಟ್ಟಿಯವರು ರಾಗಿ ಹೊತ್ತು, ಉಪ್ಪು ತಂದು ಸವೆಸಿದ ಕಾಲುದಾರಿಗಳಲ್ಲಿ. ಮುಂದೆ ನಡೆದವರ ಒಂದು ಹೆಸರೂ ನಾನು ಓದಿದ ಪುಸ್ತಕಗಳಲ್ಲಿ ಸಿಕ್ಕಲಿಲ್ಲ.

ಸಲ್ಲಿವನ್ನನನ್ನು ಕೆಟ್ಟವನೆಂದು ಚಿತ್ರಿಸುವುದು ನನ್ನ ಉದ್ದೇಶವಲ್ಲ. ಈ ನೆಲ ತೋದರದೆಂದು ಮದರಾಸು ಸರ್ಕಾರದ ಮುಂದೆ ವಾದಿಸಿದವನು ಅವನೇ. ಅದೇ ತೋದರಿಂದ ಎಕರೆಗೆ ಒಂದು ರೂಪಾಯಿಯ ಲೆಕ್ಕದಲ್ಲಿ ಭೂಮಿ ಕೊಂಡವನೂ ಅವನೇ. ಹೆಂಡತಿಯನ್ನೂ ಮಗಳನ್ನೂ ಊಟಿಯ ಮಣ್ಣಿನಲ್ಲೇ ಮಣ್ಣುಮಾಡಿ ಹೋದ. ಮನುಷ್ಯರು ಹೀಗೇ.

ಹತ್ತು ಗಂಟೆಯ ಹೊತ್ತಿಗೆ ಗೌಡರ ನಂಟರ ಹಟ್ಟಿ ಸಿಕ್ಕಿತು. ಸಾಲುಮನೆಗಳು, ಮುಂದೆ ಅಂಗಳ. ಒಳಗಿನಿಂದ ಬಂದ ಮುದುಕಿ ನಮ್ಮನ್ನು ಕೂರಿಸಿ ತಟ್ಟೆಯಲ್ಲಿ ತಂದಿಟ್ಟದ್ದು ರಾಗಿಯ ಹಿಟ್ಟು ಮತ್ತು ಅವರೆಯ ಉದಕ. ಹಿಟ್ಟು ಎಂದೇ ಅಂದಳು, ಉದಕ ಎಂದೇ ಅಂದಳು! ಮುದ್ದೆಯನ್ನು ಹಿಟ್ಟು ಎನ್ನುವುದು ನಮ್ಮಲ್ಲಿ ಇನ್ನೂ ಉಳಿದಿದೆ. ಸಾರಿಗೆ ಉದಕ ಎನ್ನುವುದನ್ನು ನನ್ನ ಅಜ್ಜಿಯ ಬಾಯಲ್ಲಿ ಬಿಟ್ಟರೆ ಮತ್ತೆ ಕೇಳಿದ್ದು ಅಂದೇ. ನೀರು, ಮನೆ, ಕಣ್ಣು, ಹಬ್ಬ, ಬೆಟ್ಟ... ಒಂದೊಂದು ಮಾತು ಕಿವಿಗೆ ಬಿದ್ದಾಗಲೂ ನಾವು ಮೂವರು ಮೇಷ್ಟ್ರುಗಳು ಹುಡುಗರಂತೆ ಸಂಭ್ರಮಪಟ್ಟೆವು. ಬಡಗು ಎಂದರೆ ಉತ್ತರ ದಿಕ್ಕು. ಬಡಗರೆಂದರೆ ಉತ್ತರದಿಂದ, ಮೈಸೂರು ಸೀಮೆಯಿಂದ ಬಂದವರು. ಅವರು ಪೂಜಿಸುವ ತಾಯಿ ಹೆತ್ತೆ. ಹತ್ತೊಂಬತ್ತನೆಯ ಶತಮಾನದ ನಡುವೆ ಕೇತಿಯಲ್ಲಿ ನೆಲೆಯೂರಿದ ಬಾಸೆಲ್ ಮಿಷನ್ನಿನವರು ಬಡಗ ಮಕ್ಕಳಿಗೆ ಕಲಿಸಿದ್ದು ಕನ್ನಡದ ಮೂಲಕವೇ. ಇದನ್ನೆಲ್ಲ ನೆನೆದು ನಾನು ಉತ್ಸಾಹದಿಂದ, "ಗೌಡರೇ, ನೀವಾಡುವುದು ನಮ್ಮ ಕನ್ನಡವೇ" ಎಂದುಬಿಟ್ಟೆ.

ಗೌಡರು ಹಿಟ್ಟು ಮುರಿಯುತ್ತ ಶಾಂತವಾಗಿ ಹೇಳಿದರು: "ಅಲ್ಲ ಮೇಷ್ಟ್ರೇ. ನೀವಾಡುವುದು ನಮ್ಮ ಬಡಗದ ಹಾಗೆ ಇದೆ."

ಮುದುಕಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ನಾನೂ ನಕ್ಕೆ, ಆದರೆ ಮಾತು ನಾಟಿತು. ಬಡಗರು ತಮ್ಮದು ಬೇರೆಯೇ ಭಾಷೆಯೆನ್ನುತ್ತಾರೆ. ಪಾಲ್ ಹಾಕಿಂಗ್ಸ್ ಮತ್ತು ಕ್ರಿಸ್ಟಿಯಾನ್ ಪಿಲೋ-ರೆಶೂರ್ 1992ರಲ್ಲಿ ಪ್ರಕಟಿಸಿದ ದೊಡ್ಡ ಬಡಗ ನಿಘಂಟನ್ನು ತಿರುವಿದರೆ ಅದರಲ್ಲಿ ಹುರುಳಿದೆಯೆಂದು ತಿಳಿಯುತ್ತದೆ. 2011ರ ಜನಗಣತಿಯಲ್ಲಿ ಬಡಗವನ್ನು ತಾಯ್ನುಡಿಯೆಂದು ಬರೆಸಿದವರು ಒಂದು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು. ಅವರನ್ನೆಲ್ಲ ಸರ್ಕಾರ ಎಣಿಸಿದ್ದು ಕನ್ನಡದ ಲೆಕ್ಕದಲ್ಲಿ. ಪುಣಿಸಮಯ್ಯ ನೆತ್ತಿ ಹಿಡಿದ, ಸಲ್ಲಿವನ್ ಕಂಡುಹಿಡಿದ, ನಾನು ಹಿಟ್ಟು ಉಣ್ಣುತ್ತ ಭಾಷೆಯನ್ನು ಹಿಡಿಯಲು ಹೋದೆ.

ಅವರ ಹಿರಿಯರು ಬಂದ ಬಗೆಯನ್ನು ಗೌಡರು ಕಥೆಯಾಗಿ ಹೇಳಿದರು. ಏಳು ಜನ ಅಣ್ಣತಮ್ಮಂದಿರು, ಒಬ್ಬಳೇ ತಂಗಿ. ಅವಳನ್ನು ಬಯಸಿದ ಒಬ್ಬ ಮುಸಲ್ಮಾನ ದೊರೆಗೆ ಹೆದರಿ ರಾತ್ರೋರಾತ್ರಿ ತಲಮಲೆಯ ಕಡೆಯಿಂದ ಕಣಿವೆ ದಾಟಿ ಇಲ್ಲಿಗೆ ಬಂದರು. ದೊರೆ ಟಿಪ್ಪುವೆಂದು ಕೆಲವರು ಹೇಳುವುದುಂಟು. ಇತಿಹಾಸದ ಮೇಷ್ಟ್ರಾಗಿ ಇಲ್ಲಿ ಮಾತ್ರ ನಾನು ಒಂದು ತಕರಾರು ಎತ್ತಲೇಬೇಕಾಯಿತು. 1603ರಲ್ಲಿ ಜಾಕೊಮೊ ಫೆನಿಸಿಯೋ ಎಂಬ ಜೆಸ್ವಿಟ್ ಪಾದ್ರಿ, ತಪ್ಪಿಹೋದ ಕ್ರೈಸ್ತರು ಈ ಬೆಟ್ಟದಲ್ಲಿದ್ದಾರೆಂಬ ಸುದ್ದಿ ಕೇಳಿ ಮಲಬಾರಿನ ಕಡೆಯಿಂದ ಹತ್ತಿ ಬಂದಿದ್ದ. ಕ್ರೈಸ್ತರು ಸಿಕ್ಕಲಿಲ್ಲ. ತೋದ ಹೆಂಗಸರಿಗೆ ಕನ್ನಡಿ, ನೂಲಿನ ಲಡಿ ಕೊಟ್ಟು ಮರಳಿದ. ಅವನ ವರದಿಯಲ್ಲಿ ಬಡಗರ ಊರಿನ ಪ್ರಸ್ತಾಪ ಬರುತ್ತದೆ. ಎಂದರೆ ಟಿಪ್ಪು ಹುಟ್ಟುವುದಕ್ಕೆ ಒಂದೂವರೆ ಶತಮಾನದಷ್ಟು ಹಿಂದೆಯೇ ಅವರು ಇಲ್ಲಿದ್ದರು. 1565ರ ನಂತರ ವಿಜಯನಗರ ಕುಸಿದು ನಾಡೆಲ್ಲ ಕಲಕಿದ ಕಾಲದಲ್ಲಿ ಬಂದಿರಬೇಕೆಂದು ವಿದ್ವಾಂಸರ ಊಹೆ. ಗೌಡರು ಆಲಿಸಿ, "ದೊರೆಯ ಹೆಸರು ಕಥೆಯಲ್ಲಿ ಇಲ್ಲ. ತಂಗಿ ಇದ್ದಳು, ಹೆದರಿಕೆ ಇತ್ತು, ಅಷ್ಟೇ" ಎಂದರು.

ಹೀಗೆ ಬಂದವರಿಗೆ ಜಾಗ ಕೊಟ್ಟವರು ಮೊದಲೇ ಇಲ್ಲಿದ್ದವರು. ತೋದರು ಎಮ್ಮೆಯ ತುಪ್ಪ, ಕೋತರು ಮಡಕೆ, ಕುಡುಗೋಲು ಮತ್ತು ವಾದ್ಯ, ಕುರುಂಬರು ಜೇನು, ಬಡಗರು ಧಾನ್ಯ, ಹೀಗೆ ಕೊಟ್ಟು ತೆಗೆದುಕೊಂಡು ನಾಲ್ಕು ಬಗೆಯ ಜನ ಬಾಳಿದರು. ಕುರುಂಬರ ಮಾಟಕ್ಕೆ ಉಳಿದವರು ಹೆದರುತ್ತಿದ್ದರೆಂಬುದನ್ನೂ, ಆ ಹೆದರಿಕೆ ಕೆಲವೊಮ್ಮೆ ಕೊಲೆಗಳಿಗೂ ಕಾರಣವಾಯಿತೆಂಬುದನ್ನೂ ಮರೆಯಬಾರದು. ಬೆಟ್ಟದ ಮೇಲಿದ್ದದ್ದು ಸ್ವರ್ಗವಲ್ಲ, ಒಂದು ನಾಡು.

ಊಟವಾದ ಮೇಲೆ ಇನ್ನೊಂದು ಏರು. ಅದರ ತುದಿಯೇ ಕೊಡನಾಡಿನ ನೋಟದ ಜಾಗ. ನೆಲ ಅಲ್ಲಿಗೆ ಕತ್ತರಿಸಿದಂತೆ ಮುಗಿಯುತ್ತದೆ. ಬಲಕ್ಕೆ ರಂಗಸ್ವಾಮಿ ಕಂಬವೆಂಬ ಒಂಟಿ ಬಂಡೆ. ಸಾವಿರಾರು ಅಡಿ ಕೆಳಗೆ ಮೋಯಾರಿನ ಕಣಿವೆ. ಆಗ ಬಣ್ಣಗಳು ಕಂಡವು. ಕಾಲ ಬಳಿ ಚಹಾದ ಕಡುಹಸಿರು. ಅದರ ಕೆಳಗೆ ಜನವರಿಯ ಒಣಗಿದ ಹುಲ್ಲಿನ ಜಿಂಕೆಬಣ್ಣ. ಕಣಿವೆಯ ಕುರುಚಲು ಕಾಡಿನ ಬೂದು, ನಡುವೆ ಹೊಳೆಯ ದಡದ ಮರಗಳ ಒಂದು ಹಸಿರು ದಾರ. ಆಚೆಗೆ ತಲಮಲೆಯ ಸಾಲು ತಿಳಿನೀಲಿ, ಅದರ ಹಿಂದಿನದು ಇನ್ನೂ ತಿಳಿ. ಪೆರುವಿನಂತೆ ಪಟ್ಟೆಯಲ್ಲ, ಒಂದರೊಳಗೊಂದು ಕರಗಿದ್ದವು.

ಪೂರ್ವಕ್ಕೆ ಭವಾನಿಸಾಗರದ ನೀರು ತಗಡಿನಂತೆ ಹೊಳೆಯುತ್ತಿತ್ತು. ಅದರ ತಳದಲ್ಲಿದೆ ದಣ್ಣಾಯಕನಕೋಟೆ. ಗೋಪಾಲಸ್ವಾಮಿ ಬೆಟ್ಟದ ಗುಡಿಯೊಡನೆ ಹೆಸರು ತಳುಕು ಹಾಕಿಕೊಂಡಿರುವ ಮಾಧವ ದಂಡನಾಯಕನ ವಂ‍ಶದವರ ಕೋಟೆ. ಅವನಿಗೆ ನೀಲಗಿರಿಯನ್ನು ಅಡಗಿಸಿದವನೆಂಬ ಬಿರುದು. ಕೀಸ್ ಹತ್ತಲು ಮೊದಲುಮಾಡಿದ್ದೂ ಆ ಕಡೆಯಿಂದಲೇ. 1955ರಲ್ಲಿ ಅಣೆಕಟ್ಟು ಪೂರ್ಣಗೊಂಡು ಎಲ್ಲವೂ ಮುಳುಗಿತು. ಬರಗಾಲದ ವರ್ಷಗಳಲ್ಲಿ ನೀರು ತಳ ಕಂಡಾಗ ಅಲ್ಲಿಯ ಮಾಧವ ಪೆರುಮಾಳ್ ಗುಡಿಯ ಕಲ್ಲುಗಳು ಮೇಲೆ ಬರುತ್ತವೆ. ಬೆಟ್ಟವನ್ನು ಅಡಗಿಸಿದವನ ಕೋಟೆ ನೀರಿನಲ್ಲಿ ಅಡಗಿದೆ. ಹಟ್ಟಿಯವರ ಕಾಲುದಾರಿಯ ಒಂದು ತುಂಡು ಮಾತ್ರ ಇನ್ನೂ ಇದೆಯೆಂದು ಗೌಡರು ಕೋಲಿನಿಂದ ತೋರಿಸಿದರು. ಪೊದೆಗಳ ನಡುವೆ ಬೆರಳುಗೆರೆಯಷ್ಟು ತೆಳುವಾಗಿ ಕಾಣಿಸಿತು.

ನಾನು ಕೇಳಿದೆ: "ಎಲ್ಲ ಹಸಿರೇ ಇದೆಯಲ್ಲ ಗೌಡರೇ, ನೀಲಗಿರಿ ಎಂದು ಏಕೆ ಅನ್ನುತ್ತಾರೆ?" ನನ್ನ ಬಳಿ ಉತ್ತರ ಸಿದ್ಧವಿತ್ತು. ಹನ್ನೆರಡು ವರ್ಷಕ್ಕೊಮ್ಮೆ ಹುಲ್ಲುಮಲೆಗಳನ್ನು ತುಂಬಿ ಅರಳುವ ನೀಲಕುರಿಂಜಿ. 2006ರಲ್ಲೂ 2018ರಲ್ಲೂ ಮುನ್ನಾರಿನಲ್ಲಿ ಅದನ್ನು ನೋಡಲು ಜಾತ್ರೆಯೇ ಸೇರಿತ್ತು. ಅದರಿಂದಲೇ ಈ ಹೆಸರೆಂದು ಪುಸ್ತಕಗಳು ಹೇಳುತ್ತವೆ.

ಗೌಡರು ಹೂವಿನ ಮಾತೆತ್ತಲಿಲ್ಲ. "ಅದು ಕೆಳಗಿನವರು ಇಟ್ಟ ಹೆಸರು. ದೂರದಿಂದ ನೋಡಿದವರು ನೀಲಿ ಅಂದರು. ಹತ್ತಿರ ಇದ್ದವರು ದೊಡ್ಡಬೆಟ್ಟ ಅಂದರು" ಎಂದು ಹೇಳಿ, ಉತ್ತರಕ್ಕೆ, ತಲಮಲೆಯ ಆಚೆ ಆಕಾಶದೊಡನೆ ಬೆರೆತಿದ್ದ ಕಟ್ಟಕಡೆಯ ಗೆರೆಯತ್ತ ಕೋಲು ಚಾಚಿದರು. "ಅದು ನಿಮ್ಮ ಮೈಸೂರಿನ ಕಡೆ. ನಮಗೆ ಅದೇ ನೀಲಿ."

ಕಾರು ತಂದಿದ್ದ ಹುಡುಗ ಕೈಯಲ್ಲಿದ್ದ ಫೋನಿನ ನಕಾಶೆಯನ್ನು ತಿರುಗಿಸಿ ನೋಡಿ, "ಸಾರ್, ಆ ದಿಕ್ಕಿಗೆ ಬಿಳಿಗಿರಿರಂಗನ ಬೆಟ್ಟ ಬರುತ್ತೆ" ಎಂದ. ಬಂಡೆಯಂಚಿನಲ್ಲಿ ನನ್ನ ತೋಳು ಹಿಡಿದಿದ್ದ ಸೋಲಿಗರ ಮುದುಕ ನೆನಪಾದ. ಅವನ ಹೆಸರನ್ನೂ ನಾವು ಯಾರೂ ಕೇಳಿರಲಿಲ್ಲ. ಆ ಸೋಲಿಗರಿಗೆ ತಮ್ಮ ಕಾಡಿನ ಮೇಲಿನ ಸಮುದಾಯದ ಹಕ್ಕು ಕಾಗದದ ಮೇಲೆ ದೊರೆತದ್ದು 2011ರಲ್ಲಿ, ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದ ವರ್ಷವೇ. ಅದಕ್ಕೆ ಮೊದಲು, 1974ರಲ್ಲಿ ಅಭಯಾರಣ್ಯವೆಂದು ಘೋಷಿಸಿದ ಮೇಲೆ, ಅವರ ಬೇಸಾಯವೂ ಬೇಟೆಯೂ ನಿಂತು ಅನೇಕ ಪೋಡುಗಳು ಕಾಡಿನೊಳಗಿನಿಂದ ಎದ್ದುಹೋಗಿದ್ದವು. ಅದು ಬೇರೆಯೇ ಒಂದು ಲೇಖನದ ವಸ್ತು.

ಇಳಿಯುವಾಗ ಮೊಣಕಾಲು ಹಿಡಿದುಕೊಂಡಿತು. ಗೌಡರು ತಮ್ಮ ಕೋಲನ್ನು ನನ್ನ ಕೈಗಿತ್ತರು. ಜೀಪಿನ ಬಳಿ ಗೊತ್ತುಮಾಡಿದ್ದ ಹಣವನ್ನು ಎಣಿಸಿ ತೆಗೆದುಕೊಂಡರೇ ಹೊರತು ಮೇಲೆ ಕೊಡಹೋದ ನೂರು ರೂಪಾಯಿಯನ್ನು ಮುಟ್ಟಲಿಲ್ಲ. ಕೋಲನ್ನು ಮಾತ್ರ ಇಟ್ಟುಕೊಳ್ಳಿರೆಂದರು. ಈಗ ಅದು ನನ್ನ ಓದುವ ಕೋಣೆಯ ಮೂಲೆಯಲ್ಲಿದೆ.

ಪೆರುವಿನ ವಿದ್ಯಾರ್ಥಿನಿಗೆ ಇದಿಷ್ಟನ್ನೂ ಬರೆದು ತಿಳಿಸಿದ್ದೇನೆ. ಇನ್ನು ಉಳಿದವರಲ್ಲಿ ಒಂದು ಕೋರಿಕೆ. 1994-95ನೆಯ ಸಾಲು, ಒಂಬತ್ತನೆಯ ತರಗತಿ, ಬಿ ವಿಭಾಗ. ಕಿಟಕಿಯ ಪಕ್ಕದ ಎರಡನೆಯ ಬೆಂಚು. ಪ್ರವಾಸಕ್ಕೆ ಅಣ್ಣನ ದೊಗಳೆ ಸ್ವೆಟರು ಹಾಕಿಕೊಂಡು ಬಂದಿದ್ದ ಹುಡುಗ. ಹಾಜರಿ ಪುಸ್ತಕ ನನ್ನ ಬಳಿ ಇಲ್ಲದ್ದರಿಂದ ಪೂರ್ಣ ಹೆಸರು ಖಚಿತವಾಗಿ ನೆನಪಿಲ್ಲ. ಅವನು ಹತ್ತನೆಯ ತರಗತಿ ಮುಗಿಸಿ ಬೆಂಗಳೂರಿಗೆ ಹೋದನೆಂದಷ್ಟೇ ಕೇಳಿದ್ದೆ. ನಿಮ್ಮಲ್ಲಿ ಯಾರಿಗಾದರೂ ಅವನ ಸಂಪರ್ಕವಿದ್ದರೆ, ಆ ಪ್ರಶ್ನೆಗೆ ಒಂದು ಅಂಕ ಕೊಟ್ಟು 'ಉದ್ಧಟತನ' ಎಂಬ ಪದವನ್ನು ಹೊಡೆದುಹಾಕಿದ್ದೇನೆಂದು ಹೇಳಿ. ಮನೆಗೆ ಬಂದರೆ ಹಿಟ್ಟು, ಅವರೆಯ ಉದಕ ಮಾಡಿಸುತ್ತೇನೆ.